ಮೋರಿ ಗೋಡೆಯ ಜರಿ, ಕುಂಡದ ಜರಿ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಜರೀಗಿಡ ನೋಡಬೇಕೆಂದರೆ ಮನೆಗಳ ಮುಂದೆ ನಿಲ್ಲಬಾರದು, ಹಿಂಬದಿಯ ಕನ್ಸರ್ವೆನ್ಸಿ ಓಣಿಗೆ ಹೋಗಬೇಕು. ಬಚ್ಚಲಿನ ಪೈಪು ಸೋರುವ ಕಡೆ, ಗಾರೆ ಉದುರಿದ ಇಟ್ಟಿಗೆಯ ಸಂದಿಯಲ್ಲಿ, ಮೊಳದುದ್ದದ ಗರಿ ಚಾಚಿಕೊಂಡು ನಿಂತಿರುತ್ತದೆ. ನೆಟ್ಟವರಿಲ್ಲ, ಗೊಬ್ಬರ ಹಾಕಿದವರಿಲ್ಲ. ಸುಣ್ಣಬಣ್ಣಕ್ಕೆ ಬಂದವರು ಕಿತ್ತು ಬಿಸಾಕುತ್ತಾರೆ. ಮುಂದಿನ ಮಳೆಗಾಲಕ್ಕೆ ಮತ್ತೆ ಹಾಜರು. ಅದೇ ಮನೆಯ ಮುಂಬದಿಯಲ್ಲಿ, ಪಿಂಗಾಣಿ ಕುಂಡದಲ್ಲಿ, ನರ್ಸರಿಯಿಂದ ದುಡ್ಡು ಕೊಟ್ಟು ತಂದ ಮೇಡನ್‌ಹೇರ್ ಜರಿ ದಿನಕ್ಕೆ ಮೂರು ಹೊತ್ತು ನೀರು ಸಿಂಪಡಿಸಿಕೊಂಡೂ ಕಂದು ತಿರುಗುತ್ತಿರುತ್ತದೆ. ಕರೆದವರ ಮನೆಗೆ ಒಲ್ಲೆ, ಬೇಡವೆಂದವರ ಗೋಡೆ ಬಿಡಲೊಲ್ಲೆ ಅನ್ನುವ ಈ ಗಿಡದ ತರ್ಕವೇನು?

*

ಸುಲಭದ ಉತ್ತರ ಮೊದಲು. ಅವೆರಡು ಬೇರೆ ಬೇರೆ ಜಾತಿ. ಓಣಿಯ ಗೋಡೆಯದು ಬಹುಪಾಲು ಟೆರಿಸ್ ವಿಟ್ಟಾಟ. ಅದಕ್ಕೆ ಸುಣ್ಣ ಇಷ್ಟ. ಸಿಮೆಂಟು ಬರುವ ಮುಂಚೆ ಕಟ್ಟಿದ ಮನೆಗಳ ಸುಣ್ಣದ ಗಾರೆ ಎಂದರೆ ಅದಕ್ಕೆ ಹಬ್ಬದೂಟ. ಇದೇ ಗಿಡದ ಬಗ್ಗೆ 2001ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದವರು ‘ನೇಚರ್’ ಪತ್ರಿಕೆಯಲ್ಲಿ ಬರೆದ ವಿಷಯ ಇನ್ನೂ ವಿಚಿತ್ರ. ಮರಮುಟ್ಟಿಗೆ ಹುಳ ಹಿಡಿಯದಂತೆ ವಿಷದ ಔಷಧ ಉಣಿಸುತ್ತಿದ್ದ ಒಂದು ಪಾಳುಬಿದ್ದ ಜಾಗದಲ್ಲಿ ಇದು ಸೊಂಪಾಗಿ ಬೆಳೆದಿತ್ತು. ಮಣ್ಣಿನ ಆರ್ಸೆನಿಕ್ಕನ್ನು ಹೀರಿ ಗರಿಗಳಲ್ಲಿ ತುಂಬಿಕೊಂಡಿತ್ತು. ಆರ್ಸೆನಿಕ್ ಕುಡಿದೂ ಸೊಂಪಾಗಿರುವ ಗಿಡಕ್ಕೆ ನಮ್ಮ ಮೋರಿ ಯಾವ ಲೆಕ್ಕ.

ಆದರೆ ಈ ಉತ್ತರ ಪೂರ್ತಿ ಸಾಲದು. ನಾಜೂಕಿನದು ಎಂದು ಹೆಸರಾದ ಮೇಡನ್‌ಹೇರ್ ಕೂಡ ಕಲ್ಲು ಕಟ್ಟಿದ ಹಳೆಯ ಬಾವಿಗಳ ಒಳಗೋಡೆಯಲ್ಲಿ ತಾನಾಗಿಯೇ ಬರುತ್ತದೆ. ಮೇಲೆ ಸುಡುವ ಬಿಸಿಲು, ಕೆಳಗೆ ಕೊಡ ಮುಳುಗುವಷ್ಟೂ ನೀರಿಲ್ಲ. ನಡುವೆ ಕಪ್ಪು ಕಡ್ಡಿಯ ಮೇಲೆ ಹಸಿರು ಎಲೆ ತೂಗುತ್ತಿರುತ್ತದೆ. ಬಾವಿಗೆ ಗೊತ್ತಿರುವುದು ಕುಂಡಕ್ಕೆ ಯಾಕೆ ಗೊತ್ತಿಲ್ಲ?

*

ಎಲೆಯ ಹಿಂಬದಿಯ ಕಂದು ಚುಕ್ಕೆ ನೋಡಿ “ಹುಳ ಬಿದ್ದಿದೆ” ಎಂದು ಬೇವಿನೆಣ್ಣೆ ಹೊಡೆಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಶಲ್ಕ ಕೀಟ ಬೀಳುವುದೂ ಉಂಟು, ಆದರೆ ಕೀಟಕ್ಕೆ ಶಿಸ್ತಿಲ್ಲ. ಕಡ್ಡಿಯ ಮೇಲೂ ಕೂರುತ್ತದೆ, ಎಲೆಯ ಮೇಲೂ ಕೂರುತ್ತದೆ. ಜರಿಯ ಚುಕ್ಕೆಗಳು ನರದ ಗುಂಟ ಸಾಲಾಗಿ, ಅಳೆದಿಟ್ಟ ಹಾಗೆ ಇರುತ್ತವೆ. ಮೇಡನ್‌ಹೇರ್‌ನಲ್ಲಿ ಎಲೆಯ ಅಂಚೇ ಮಡಚಿಕೊಂಡು ಅದರೊಳಗೆ ಬಚ್ಚಿಟ್ಟುಕೊಂಡಿರುತ್ತದೆ. ಒಂದೊಂದು ಚುಕ್ಕೆಯಲ್ಲೂ ಹತ್ತಾರು ಪುಟ್ಟ ಚೀಲ, ಸಾಮಾನ್ಯವಾಗಿ ಚೀಲಕ್ಕೆ 64 ಬೀಜಾಣು.

ಬಲಿತ ಗರಿಯನ್ನು ಬಿಳಿ ಕಾಗದದಲ್ಲಿ ಮಡಚಿ, ಫ್ಯಾನಿನ ಗಾಳಿ ತಾಗದ ಕಡೆ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ಕಾಗದದ ಮೇಲೆ ಗರಿಯ ಅಚ್ಚು ಬಿದ್ದಿರುತ್ತದೆ, ಕಂದು ಪುಡಿಯಲ್ಲಿ. ಉದುರಿದ್ದಲ್ಲ, ಎಸೆದದ್ದು. ಚೀಲದ ಬೆನ್ನಿಗೆ ಗಟ್ಟಿ ಗೋಡೆಯ ಕೋಶಗಳ ಒಂದು ಪಟ್ಟಿ ಇದೆ. ಅವುಗಳ ನೀರು ಆರುತ್ತಾ ಬಂದ ಹಾಗೆ ಪಟ್ಟಿ ಹಿಂದಕ್ಕೆ ಬಾಗಿ ಚೀಲವನ್ನು ಹರಿಯುತ್ತದೆ. ಇನ್ನು ಬಾಗಲಾರದು ಅನ್ನುವ ಹೊತ್ತಿಗೆ ಕೋಶಗಳೊಳಗೆ ಗುಳ್ಳೆಯೆದ್ದು ಪಟ್ಟಿ ಫಟ್ಟನೆ ಮುಂದಕ್ಕೆ ಚಿಮ್ಮುತ್ತದೆ. ಬೀಜಾಣು ಹಾರುತ್ತದೆ. ಸೂಕ್ಷ್ಮದರ್ಶಕದ ದೀಪದ ಬಿಸಿಗೇ ಇದು ನಡೆಯುವುದನ್ನು ಕಾಲೇಜು ಪ್ರಯೋಗಾಲಯದಲ್ಲಿ ನೋಡಿದವರು ಮರೆಯಲಾರರು. ನೀರನ್ನೇ ನೆಚ್ಚಿಕೊಂಡ ಗಿಡ ಎಂದು ನಾವು ತಿಳಿದಿರುವುದು, ಮಕ್ಕಳನ್ನು ಕಳಿಸಿಕೊಡಲು ಮಾತ್ರ ಒಣ ಗಾಳಿಯನ್ನೇ ಕಾಯುತ್ತದೆ.

ಕಾಗದ ತುಸು ಓರೆ ಮಾಡಿ ಬೆರಳಲ್ಲಿ ತಟ್ಟಿದರೆ ಹೊಟ್ಟು ಮೊದಲು ಜಾರುತ್ತದೆ, ಬೀಜಾಣು ಕಾಗದಕ್ಕೆ ಅಂಟಿಕೊಂಡಿರುತ್ತದೆ. ಕೇರುವುದು ಗೊತ್ತಿರುವವರಿಗೆ ಹೇಳಿಕೊಡಬೇಕಾಗಿಲ್ಲ.

*

ಯುರೋಪಿನವರು ಬಹುಕಾಲ ಕಾಣದೆ ತಡಕಾಡಿದ ಸಂಗತಿ ಇದು. ಹೂವಿಲ್ಲ, ಕಾಯಿಲ್ಲ, ಆದರೂ ಮರಿ ಹುಟ್ಟುತ್ತದೆ. ಹಾಗಾದರೆ ಬೀಜ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ, ಅದನ್ನು ಇಟ್ಟುಕೊಂಡವನೂ ಕಣ್ಣಿಗೆ ಕಾಣುವುದಿಲ್ಲ ಎಂದು ಜನ ನಂಬಿದ್ದರು. ಶೇಕ್ಸ್‌ಪಿಯರ್‌ನ ನಾಲ್ಕನೆಯ ಹೆನ್ರಿಯ ನಾಟಕದಲ್ಲಿ ಕಳ್ಳನೊಬ್ಬ ಈ ನಂಬಿಕೆಯ ಮಾತಾಡುತ್ತಾನೆ. ಜಮೈಕಾದಲ್ಲಿದ್ದ ಜಾನ್ ಲಿಂಡ್ಸೆ ಎಂಬ ಶಸ್ತ್ರವೈದ್ಯ ಆ ಕಂದು ಪುಡಿಯನ್ನು ಕುಂಡದ ಮಣ್ಣಿನ ಮೇಲೆ ಬಿತ್ತಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ಅದೇ ಮೊಳೆಯುವುದನ್ನು 1794ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪ್ರಕಟಣೆಯಲ್ಲಿ ವಿವರಿಸಿದ. ಆದರೂ ಗಂಡು ಹೆಣ್ಣು ಎಲ್ಲಿ ಎಂಬುದು ಬಗೆಹರಿಯಲಿಲ್ಲ. ಹೆಚ್ಚಿನವರು ಗರಿಯಲ್ಲೇ ಹುಡುಕುತ್ತಿದ್ದರು. 1848ರಲ್ಲಿ ಲೆಷ್ಚಿಟ್ಸ್-ಸುಮಿನ್ಸ್ಕಿ ಎಂಬ ಸಸ್ಯವಿಜ್ಞಾನಿ ಅದನ್ನು ಕಂಡದ್ದು ಬೀಜಾಣು ಮೊಳೆತು ಆಗುವ, ಯಾರೂ ಗಿಡವೆಂದು ಎಣಿಸದ, ಒಂದು ಹಸಿರು ಚೂರಿನ ಅಡಿಯಲ್ಲಿ. ಮೂರು ವರ್ಷದ ಮೇಲೆ, 1851ರಲ್ಲಿ, ಹೋಫ್‌ಮೈಸ್ಟರ್ ಎಂಬ ಇನ್ನೊಬ್ಬ ಸಸ್ಯವಿಜ್ಞಾನಿ ಇಡೀ ಸರಣಿಯನ್ನು ಜೋಡಿಸಿ ಇಟ್ಟ.

ಅಂದರೆ ಜರಿಗೆ ಎರಡು ಬಾಳು. ನಾವು ಕುಂಡದಲ್ಲಿಟ್ಟು ನೋಡುವುದು ಒಂದು. ಇನ್ನೊಂದನ್ನು ನಾವು ಪಾಚಿ ಎಂದು ಉಜ್ಜಿ ತೊಳೆಯುತ್ತೇವೆ.

*

ಹೆಂಚಿನ ಮೇಲೆ ಬಿತ್ತನೆ. ಮಂಗಳೂರು ಹೆಂಚಿನ ಒಂದು ಚೂರು; 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಾಗ ಇದಕ್ಕೂ ಬಳಕೆಯಾದೀತೆಂದು ಎಣಿಸಿರಲಾರರು, ಆದರೂ ಮಲೆನಾಡಿನ ಹಳೆಯ ಮಾಡುಗಳನ್ನು ನೋಡಿದರೆ ಜರಿಗಳಿಗೆ ಅದು ಎಂದೋ ಗೊತ್ತಾಗಿದೆ. ಚೂರನ್ನು ಚೆನ್ನಾಗಿ ಕುದಿಸಿ, ಆರಿಸಿ, ಅಗಲ ಬಟ್ಟಲಲ್ಲಿಟ್ಟು, ಕುದಿಸಿ ಆರಿದ ನೀರನ್ನು ಅರ್ಧದವರೆಗೆ ಹಾಕುವುದು. ಹೆಂಚು ತಾನೇ ನೀರನ್ನು ಮೇಲಕ್ಕೆಳೆದುಕೊಂಡು ಸದಾ ತೇವವಾಗಿರುತ್ತದೆ, ಎಂದೂ ಕೆಸರಾಗುವುದಿಲ್ಲ. ಪುಡಿಯನ್ನು ತೀರಾ ತೆಳ್ಳಗೆ ಉದುರಿಸಿ ಮೇಲೆ ಗಾಜಿನ ಬೋಗುಣಿ ಮುಚ್ಚಿಡಬೇಕು. ಬೆಳಕು ಬೇಕು, ನೇರ ಬಿಸಿಲು ಬೇಡ. ಆಮೇಲೆ ಮುಚ್ಚಳ ತೆಗೆದು ನೋಡಬಾರದು. ಎಲ್ಲಕ್ಕಿಂತ ಕಷ್ಟ ಈ ಕೊನೆಯದೇ.

ಕುದಿಸುವುದು ಮಡಿಗಾಗಿ ಅಲ್ಲ. ಬೂಷ್ಟು, ಪಾಚಿ, ಹಾವಸೆಯ ಬೀಜಾಣುಗಳೆಲ್ಲ ಜರಿಗಿಂತ ಚುರುಕು. ಒಂದು ವಾರ ಮೊದಲು ಮೊಳೆತು ಜಾಗವೆಲ್ಲ ತಮ್ಮದು ಮಾಡಿಕೊಳ್ಳುತ್ತವೆ.

ಕೆಲವು ವಾರಕ್ಕೆ ಹಸಿರು ಲೇಪ. ಎರಡು ಮೂರು ತಿಂಗಳಿಗೆ ಆ ಲೇಪ ಬಿಡಿಬಿಡಿಯಾಗಿ, ಸಾಸಿವೆಗಿಂತ ತುಸು ದೊಡ್ಡ, ಹೃದಯದಾಕಾರದ ಬಿಲ್ಲೆಗಳಾಗುತ್ತದೆ. ಅಂಚಿನಲ್ಲಿ ಅದರ ದಪ್ಪ ಒಂದೇ ಒಂದು ಕೋಶ. ಕಾಂಡವಿಲ್ಲ, ನರವಿಲ್ಲ, ನಿಜವಾದ ಬೇರೂ ಇಲ್ಲ. ಜರಿಯ ಗಂಡು ಹೆಣ್ಣು ಎರಡೂ ಈ ಬಿಲ್ಲೆಯ ಹೊಟ್ಟೆಯಡಿಯಲ್ಲಿವೆ. ಗಂಡು ಕೋಶ ಹೆಣ್ಣಿನ ಬಳಿಗೆ ಈಜಿಕೊಂಡೇ ಹೋಗಬೇಕು. ದುಂಬಿಯಿಲ್ಲ, ಗಾಳಿಯ ಸಹಾಯವಿಲ್ಲ. ಒಂದು ತೆಳ್ಳನೆ ನೀರಿನ ಪೊರೆ ಇದ್ದರೆ ಸಂಸಾರ, ಇಲ್ಲದಿದ್ದರೆ ಬಿಲ್ಲೆ ಬಿಲ್ಲೆಯಾಗಿಯೇ ಉಳಿದು ಸಾಯುತ್ತದೆ. ಅದಕ್ಕೇ ಈ ಹಂತದಲ್ಲಿ ಹೆಂಚಿನ ಮೇಲೆ ಒಮ್ಮೆ ಸಣ್ಣಗೆ ನೀರು ಚಿಮುಕಿಸುವುದು. ಇಡೀ ಜರಿ ಸಾಕಣೆಯಲ್ಲಿ ಸ್ಪ್ರೇ ಬಾಟಲಿಗೆ ನಿಜವಾದ ಕೆಲಸ ಇರುವುದು ಇಲ್ಲಿ ಮಾತ್ರ ಎಂದು ನನ್ನ ಅನುಮಾನ.

ಓಣಿಯ ಗೋಡೆಯ ಗುಟ್ಟು ಇಲ್ಲಿ ಅರ್ಧ ಬಯಲಾಯಿತು. ಸೋರುವ ಪೈಪಿನ ಕೆಳಗಿನ ಇಟ್ಟಿಗೆ ಎಂದರೆ ಇದೇ ಹೆಂಚು, ಇದೇ ಬಟ್ಟಲು. ವರ್ಷಗಟ್ಟಲೆ ಆರದ ತೇವ, ಮೇಲೆ ಬಿದ್ದು ಮುಚ್ಚಿಹಾಕಲು ಬೇರೆ ಗಿಡವಿಲ್ಲ, ಮಣ್ಣು ಕೆದಕುವ ಕೈಯಿಲ್ಲ. ಗೋಡೆ ಸಾಕುತ್ತಿರುವುದು ಬಿಲ್ಲೆಯನ್ನು. ಕುಂಡ ಸಾಕುವುದು ಗರಿಯನ್ನು.

*

ಒಂದೇ ಹೆಂಚಿನ ಮೇಲೆ ಕೆಲವು ಬಿಲ್ಲೆ ದೊಡ್ಡವು, ಸುತ್ತಲಿನವು ಕುಳ್ಳ. ನೀರು ಒಂದೇ, ಬೆಳಕು ಒಂದೇ. ಕಾರಣ ಓದಿ ದಂಗಾದೆ. ಮೊದಲು ದೊಡ್ಡದಾದ ಬಿಲ್ಲೆ ಒಂದು ರಸವನ್ನು ಸುತ್ತ ಸ್ರವಿಸುತ್ತದಂತೆ; ತಡವಾಗಿ ಮೊಳೆತವು ಅದರ ಪ್ರಭಾವಕ್ಕೆ ಸಿಕ್ಕಿ ಬೆಳೆಯುವುದನ್ನು ಬಿಟ್ಟು ಬೇಗನೆ ಬರೀ ಗಂಡಾಗಿಬಿಡುತ್ತವೆ. ಜರ್ಮನಿಯ ಡ್ಯೋಪ್ 1950ರಲ್ಲಿ ಬ್ರಾಕನ್ ಜರಿಯಲ್ಲಿ ಇದನ್ನು ತೋರಿಸಿದ. ಮೊದಲು ಬಂದವಳು ತಾಯಿ, ತಡವಾಗಿ ಬಂದವರೆಲ್ಲ ಗಂಡಂದಿರು. ಯಾರು ಏನಾಗಬೇಕೆಂಬುದು ಹುಟ್ಟಿನಿಂದಲ್ಲ, ನೆರೆಹೊರೆಯಿಂದ ತೀರ್ಮಾನವಾಗುತ್ತದೆ.

ಹಾಗಾದರೆ ಗೋಡೆಯ ಮೇಲೆ ಒಂದೇ ಒಂದು ಬೀಜಾಣು ಬಿದ್ದರೆ? ಹಲವು ಜಾತಿಗಳಲ್ಲಿ ಒಂಟಿ ಬಿಲ್ಲೆ ತನ್ನ ಗಂಡು ಕೋಶದಿಂದ ತನ್ನ ಹೆಣ್ಣು ಕೋಶವನ್ನೇ ಕೂಡಿಸಿಕೊಳ್ಳಬಲ್ಲದು. ಒಂದು ಧೂಳಿನ ಕಣದಿಂದ ಒಂದು ಊರು.

ಇನ್ನೂ ಒಂದು ತಂಡ ಇದೆ, ಈ ಗೊಡವೆಯೇ ಬೇಡವೆಂದದ್ದು. 1874ರಲ್ಲಿ ಫಾರ್ಲೋ ಎಂಬ ಅಮೆರಿಕನ್ ಸಸ್ಯವಿಜ್ಞಾನಿ ಟೆರಿಸ್ ಕ್ರೆಟಿಕಾದ ಬಿಲ್ಲೆಗಳನ್ನು ನೋಡುತ್ತಿದ್ದಾಗ, ಗಂಡು ಹೆಣ್ಣು ಕೂಡದೆಯೇ ಬಿಲ್ಲೆಯ ಅಂಗಾಂಶದಿಂದ ನೇರವಾಗಿ ಮರಿ ಗಿಡ ಎದ್ದಿತು. ನರ್ಸರಿಗಳಲ್ಲಿ ಹಾಲಿ ಫರ್ನ್ ಎಂದು ಮಾರುವ ದಪ್ಪ ಎಲೆಯದೂ ಹೀಗೆಯೇ. ಬೀಜಾಣುವಿನಿಂದ ಮೊದಲ ಬಾರಿ ಬೆಳೆಸುವವರಿಗೆ ಇವನ್ನೇ ಶಿಫಾರಸು ಮಾಡುವೆ. ನೀರಿನ ಪೊರೆ, ಈಜು, ಮುಹೂರ್ತ ಯಾವ ರಗಳೆಯೂ ಇಲ್ಲ.

ಬಿತ್ತಿದ್ದೇ ಬರುತ್ತದೆಂಬ ಭರವಸೆಯೂ ಇಲ್ಲ. ಮೇಡನ್‌ಹೇರ್ ಬಿತ್ತಿದ ಹೆಂಚಿನ ಮೇಲೆ ಅದರ ಜತೆಗೆ ಗುರುತಿಲ್ಲದ ಇನ್ನೆರಡು ಎದ್ದಿವೆ. ಗಾಳಿಯಲ್ಲಿ ಯಾರ ಯಾರ ಪುಡಿ ತೇಲುತ್ತಿದೆಯೋ.

*

ಹೊಸನಗರದ ಕಡೆಯ ಅತ್ತಿಗೆಗೆ ಈ ಹೆಂಚು, ಬೋಗುಣಿಯ ಕತೆ ಫೋನಿನಲ್ಲಿ ಹೇಳಿದರೆ ನಗು. “ಉಪಚಾರ ಜಾಸ್ತಿ ಆಯ್ತು ಮಾರಾಯಾ ನಿಂದು. ಮಳೆ ಹಿಡಿಯಕ್ಕೆ ಮುಂಚೆ ಬುಡ ಸೀಳು, ದರೆ ಬದಿಗೆ ಒತ್ತು, ಮರ್ತ್ ಬಿಡು.”

ಅವರ ಅಂಗಳದ ಜರಿಗಳೆಲ್ಲ ಸೀಳಿದವೇ. ಬುಡದ ಗೆಡ್ಡೆಯಂಥ ಕಾಂಡವನ್ನು ಎರಡು ಮೂರು ಗರಿ, ಒಂದು ಸುರುಳಿ ಮೊಗ್ಗು ಉಳಿಯುವ ಹಾಗೆ ಕುಡುಗೋಲಿನಲ್ಲಿ ಕತ್ತರಿಸುವುದು. ಅರ್ಧ ಗರಿಗಳನ್ನು ಸವರಿ ನೆಡುವುದು. ಮೊಗ್ಗಿನ ತಲೆ ಮಣ್ಣಿನ ಮೇಲಿರಬೇಕು, ಹುಗಿದರೆ ಕೊಳೆಯುತ್ತದೆ. ಮೇಲೆ ಹರಿದಾಡುವ ಕಾಂಡದ ಜಾತಿಗಳನ್ನಂತೂ ಹುಗಿಯಲೇಬಾರದು, ಮಣ್ಣಿಗೆ ತಾಗಿಸಿ ತಂತಿಯ ಕೊಕ್ಕೆಯಲ್ಲಿ ಹಿಡಿಸಿದರೆ ಸಾಕು. ನಿತ್ಯ ಕಾಣುವ ನೆಫ್ರೊಲೆಪಿಸ್‌ಗೆ ಕತ್ತಿಯೂ ಬೇಡ. ದಾರದಂಥ ಬಳ್ಳಿ ಬಿಟ್ಟು ಅದರ ತುದಿಯಲ್ಲಿ ಮರಿ ಮಾಡುತ್ತದೆ. ಅದರ ಒಂದು ಜಾತಿ ನೀರು ತುಂಬಿದ ಸಣ್ಣ ಉಂಡೆಗಳನ್ನೂ ನೆಲದೊಳಗೆ ಕಟ್ಟಿಕೊಳ್ಳುತ್ತದೆ. ದರೆಯ ಮೇಲಿನ ಹಂಸಪದಿ ಇನ್ನೂ ಜಾಣೆ: ಬಾಗಿದ ಗರಿಯ ತುದಿ ನೆಲಕ್ಕೆ ತಾಗಿದ ಕಡೆ ಬೇರು ಬಿಟ್ಟು, ಅಲ್ಲಿಂದ ಹೊಸ ಗಿಡ, ಅದರ ಗರಿ ಮತ್ತೆ ಬಾಗಿ ಇನ್ನೊಂದು. ಹೀಗೆ ದರೆಯುದ್ದಕ್ಕೂ ನಡೆದುಹೋಗುತ್ತದೆ. ಕುಂಡದಲ್ಲಿ ಬೆಳೆಸುವವರು ಗರಿಯ ತುದಿಗೆ ಇನ್ನೊಂದು ಸಣ್ಣ ಕುಂಡವನ್ನು ಒಡ್ಡಿ ಕೂರಬಹುದು. ಕಾಡಿನ ದೈತ್ಯ ಆಂಜಿಯೋಪ್ಟೆರಿಸ್‌ಗೆ ಗರಿಯ ಬುಡದಲ್ಲಿ ಕಿವಿಯಂಥ ದಪ್ಪ ಹೋಳುಗಳಿರುತ್ತವೆ. ಅದನ್ನು ಕಿತ್ತು ತೇವದ ಮರಳಲ್ಲಿ ಮಲಗಿಸಿದರೆ ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಚಿಗುರುತ್ತದೆ.

ಅತ್ತಿಗೆಯ ವಿದ್ಯೆಗೂ ಹೆಂಚಿನ ವಿದ್ಯೆಗೂ ಒಂದು ವ್ಯತ್ಯಾಸ. ಸೀಳಿದ್ದು ಅದೇ ಗಿಡ, ಮಗುವಲ್ಲ. ಡಾಕ್ಟರರ ಶಾಪುಗಳಲ್ಲಿ, ಮದುವೆ ಮಂಟಪಗಳಲ್ಲಿ ತೂಗಾಡುವ ಬಾಸ್ಟನ್ ಜರಿ, 1894ರಲ್ಲಿ ಫಿಲಡೆಲ್ಫಿಯಾದಿಂದ ಬಾಸ್ಟನ್ನಿಗೆ ಹೋದ ಜರಿಗಳ ರಾಶಿಯಲ್ಲಿ ಬೇರೆಯಾಗಿ ಕಂಡ ಒಂದು ಗಿಡದ ವಂಶ. ಬಳ್ಳಿಯಿಂದ, ಸೀಳಿನಿಂದ, ಈಗ ಅಂಗಾಂಶ ಕೃಷಿಯ ಬಾಟಲಿಯಿಂದ. ಅದರ ಚುಕ್ಕೆ ಬಿತ್ತಿ ಕಾಯುವುದು ದಂಡ.

*

ಏಪ್ರಿಲ್. ಮಧ್ಯಾಹ್ನದ ಗಾಳಿಯಲ್ಲಿ ಒಗೆದ ಬಟ್ಟೆ ಗಳಿಗೆಯಲ್ಲಿ ಆರುತ್ತದೆ. ಗರಿಯೂ ಹಾಗೆಯೇ. ಸಿಂಪಡಿಸಿದ ನೀರು ಎಲೆಯ ಸುತ್ತಲಿನ ಗಾಳಿಯನ್ನು ತೇವ ಮಾಡುವುದು ಕೆಲವೇ ನಿಮಿಷ, ಆಮೇಲೆ ಯಥಾಪ್ರಕಾರ. ಬೋರ್‌ವೆಲ್ ನೀರಾದರೆ ಹಿಂದೆ ಉಳಿಯುವುದು ಬಿಳಿ ಉಪ್ಪಿನ ಪಕ್ಕು. ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಹಾಳು ಮಾಡಬಾರದೆಂದು ಜರಿಗೆ ಹಾಕುವವರಿದ್ದಾರೆ. ಅದು ಬಂದ ನೀರಿಗಿಂತಲೂ ಉಪ್ಪು. ತಾರಸಿಯ ಮಳೆನೀರು ಹಿಡಿದಿಟ್ಟಿದ್ದರೆ ಅದು ಜರಿಗೆ ಮೀಸಲಿರಲಿ. ಗುಂಪಾಗಿಟ್ಟ ಕುಂಡಗಳು ಒಂಟಿ ಕುಂಡಕ್ಕಿಂತ ತಡೆದುಕೊಳ್ಳುತ್ತವೆ. ಉತ್ತರದ ಕಿಟಕಿ ಇರುವ ಬಚ್ಚಲುಮನೆ ಎಲ್ಲಕ್ಕಿಂತ ಮೇಲು, ಮನೆಯವರು ಒಪ್ಪಿದರೆ.

ಬಾವಿಯೊಳಗಿನ ಮೇಡನ್‌ಹೇರ್ ಬದುಕಿದ್ದು ಹೇಗೆಂದರೆ ಅಲ್ಲಿನ ಗಾಳಿ ಕದಲುವುದಿಲ್ಲ. ಇದನ್ನು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರಲ್ಲಿ ಅರಸದೆಯೇ ಕಂಡುಕೊಂಡ. ಮನೆಯಂಗಳದಲ್ಲಿ ಕಲ್ಲು ಪೇರಿಸಿ ಜರಿ ನೆಟ್ಟಿದ್ದ. ಊರಿನ ಕಲ್ಲಿದ್ದಲ ಹೊಗೆಗೆ ಎಲ್ಲ ಸತ್ತಿದ್ದವು. ಆಮೇಲೊಮ್ಮೆ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜತೆ ಬಾಟಲಿಯಲ್ಲಿಟ್ಟು ಮುಚ್ಚಿದ. ಪತಂಗಕ್ಕೆ ಕಾಯುತ್ತಿದ್ದವನಿಗೆ ಒಳಗೆ ಒಂದು ಜರಿಯೂ ಒಂದು ಹುಲ್ಲೂ ಮೊಳೆತದ್ದು ಕಂಡಿತು. ನೀರು ಹಾಕದೆಯೇ ಅವು ವರ್ಷಗಟ್ಟಲೆ ಬಾಳಿದವು: ಹಗಲು ಆವಿಯಾಗಿ ಗಾಜಿಗೆ ತಾಗಿದ ನೀರು ರಾತ್ರಿ ಮಣ್ಣಿಗಿಳಿಯುತ್ತಿತ್ತು. 1833ರಲ್ಲಿ ಇದೇ ಉಪಾಯದ ಗಾಜಿನ ಪೆಟ್ಟಿಗೆಗಳು ಹಡಗಿನ ಮೇಲೆ ಸಿಡ್ನಿಗೆ ಹೋದವು, ಒಳಗಿನ ಜರಿಗಳು ಜೀವಂತ ಇಳಿದವು. ಚೀನದ ಚಹಾ ಸಸಿಗಳನ್ನು ರಾಬರ್ಟ್ ಫಾರ್ಚ್ಯೂನ್ ಹಿಮಾಲಯದ ತಪ್ಪಲಿಗೆ ಸಾಗಿಸಿದ್ದೂ ಇಂಥ ಪೆಟ್ಟಿಗೆಗಳಲ್ಲೇ. ಜರಿಯನ್ನು ಬದುಕಿಸಲು ಹುಟ್ಟಿದ ಡಬ್ಬಿ ನಮ್ಮ ಬೆಳಗಿನ ಲೋಟವನ್ನೂ ತುಂಬಿಸಿತು. ಉಪ್ಪಿನಕಾಯಿಯ ದೊಡ್ಡ ಗಾಜಿನ ಜಾಡಿ ಖಾಲಿಯಾದರೆ ಎಸೆಯಬೇಡಿ. ಎಣ್ಣೆಯ ವಾಸನೆ ಹೋಗುವವರೆಗೆ ತೊಳೆಯಿರಿ, ಅಷ್ಟೆ.

*

ತದ್ವಿರುದ್ಧದ ಪ್ರಾಣಿಯೂ ಇದೆ. ಘಟ್ಟದ ಮಾವು, ಹಲಸಿನ ಕೊಂಬೆಗಳ ಮೇಲೆ ಕೂತ ಡ್ರೈನೇರಿಯಾ ಬೇಸಗೆಯಲ್ಲಿ ಹಸಿರು ಗರಿಗಳನ್ನೆಲ್ಲ ಉದುರಿಸಿ ಬರಿ ಕಡ್ಡಿಯಾಗಿ ನಿಲ್ಲುತ್ತದೆ. ಬುಡದಲ್ಲಿ ಮಾತ್ರ ತರಗೆಲೆಯಂಥ, ಹುಟ್ಟಿ ಸ್ವಲ್ಪದರಲ್ಲೇ ಕಂದಾಗುವ ಇನ್ನೊಂದು ಜಾತಿಯ ಎಲೆಗಳು. ಅವುಗಳ ಕೆಲಸ ಬೀಳುವ ಕಸಕಡ್ಡಿಯನ್ನು ಹಿಡಿದು ಗೊಬ್ಬರ ಮಾಡುವುದು. ಅದನ್ನು ‘ಒಣಗಿದೆ’ ಎಂದು ಕಿತ್ತು ಚೊಕ್ಕಟ ಮಾಡಿದರೆ ಗಿಡದ ತಟ್ಟೆಯನ್ನೇ ಕಿತ್ತ ಹಾಗೆ. ಇದಕ್ಕೆ ಮಣ್ಣೂ ಬೇಡ. ತೆಂಗಿನ ಸಿಪ್ಪೆಗೋ ಮರದ ಹಲಗೆಗೋ ಕಟ್ಟಿ ತೂಗು ಹಾಕಿದರೆ ಸರಿ. ಕಾಡಿನದನ್ನು ಕೀಳದೆ, ಗಾಳಿಗೆ ಮುರಿದು ಬಿದ್ದ ಕೊಂಬೆಯ ಮೇಲಿನದನ್ನು ತಂದರೆ ಇನ್ನೂ ಸರಿ.

ಮರಜರಿಯ ವಿಷಯದಲ್ಲಿ ಆ ರಿಯಾಯಿತಿಯೂ ಇಲ್ಲ. ಅದರ ನಾರಿನ ಕಾಂಡವನ್ನು ತುಂಡು ಮಾಡಿ ಆರ್ಕಿಡ್ ಕೂರಿಸಲು ಮಾರುತ್ತಾರೆ. ಮರಜರಿಗಳಾದ ಸಯಾಥಿಯ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯ ನಿಯಂತ್ರಣದಲ್ಲಿದೆ. ಒಂದು ಆರ್ಕಿಡ್ಡಿನ ಪೀಠಕ್ಕಾಗಿ ಒಂದು ಮರ ಹೋಗುವುದು ನನಗಂತೂ ಸರಿಬರುವುದಿಲ್ಲ.

*

ಕೊಡಗಿನವರು ಮಳೆಗಾಲದಲ್ಲಿ ತೊರೆಯ ಬದಿಯಿಂದ ಎಳೆ ಸುರುಳಿಗಳನ್ನು ಕೊಯ್ದು ತೆರ್ಮೆ ತೊಪ್ಪಿನ ಪಲ್ಯ ಮಾಡುತ್ತಾರೆ. ಸುರುಳಿ ಬಿಚ್ಚಿದ ಮೇಲೆ ಬೇಡ. ಎಲ್ಲ ಜರಿಯೂ ತಿನ್ನುವಂಥದ್ದಲ್ಲ, ಗುರುತು ಬಲ್ಲವರ ಕೈಯಿಂದಲೇ ಬರಬೇಕು.

ಮಲೆನಾಡಿನ ಮಕ್ಕಳು ಅಂಗೈ ಹಿಂಬದಿಗೆ ಒತ್ತಿ ಬಿಳಿ ಅಚ್ಚು ಹಾಕಿಕೊಳ್ಳುವ ಬೆಳ್ಳಿ ಜರಿ, ದರೆ ಕಡಿದ ಕಡೆಯೆಲ್ಲ ಮೊದಲು ಬರುವುದು, ಮೂಲದಲ್ಲಿ ಅಮೆರಿಕದ ಉಷ್ಣವಲಯದ್ದು. ನಂಬಲು ಕಷ್ಟ.

ಮಳೆ ಬಿದ್ದ ಹುಲ್ಲುಗಾವಲಲ್ಲಿ ಒಂದೇ ಎಲೆ, ಅದರ ನಡುವೆ ಒಂದು ಕಡ್ಡಿ: ಓಫಿಯೊಗ್ಲಾಸಮ್. ತಿರುವನಂತಪುರದ ಅಬ್ರಹಾಂ ಮತ್ತು ನೈನಾನ್ 1954ರಲ್ಲಿ ಇದರ ಒಂದು ಜಾತಿಯಲ್ಲಿ 1260ರಷ್ಟು ವರ್ಣತಂತುಗಳನ್ನು ಎಣಿಸಿದರು. ಮನುಷ್ಯನಿಗೆ 46. ಇಷ್ಟು ದೊಡ್ಡ ಗ್ರಂಥ ಇಟ್ಟುಕೊಂಡು ಅದು ಬರೆದುಕೊಂಡದ್ದು ಒಂದೇ ಎಲೆ. ಇದರ ಬಿಲ್ಲೆ ನೆಲದೊಳಗೆ, ಬಣ್ಣವೇ ಇಲ್ಲದೆ, ಶಿಲೀಂಧ್ರದ ಅನ್ನ ತಿಂದು ಬೆಳೆಯುತ್ತದೆ. ಮನೆಯಲ್ಲಿ ಬೆಳೆಸುವ ಆಸೆ ಬಿಟ್ಟಿದ್ದೇನೆ.

*

ರಾಜ್ಯದಲ್ಲಿ ಜರಿಯನ್ನು ಬುಟ್ಟಿಗಟ್ಟಲೆ ಬೆಳೆಯುವವರು ಹೂದೋಟದವರಲ್ಲ, ಹಸು ಕಟ್ಟಿದವರು. ಅಜೋಲ್ಲ ಕೂಡ ಜರಿಯೇ. ನೆರಳಿನಲ್ಲಿ ಒಂದು ಗುಂಡಿ, ಅದಕ್ಕೆ ಸಿಲ್ಪಾಲಿನ್ ಹಾಳೆ, ಜರಡಿ ಹಿಡಿದ ಮಣ್ಣು, ಸಗಣಿ ರಾಡಿ, ಒಂದಿಷ್ಟು ಸೂಪರ್ ಫಾಸ್ಫೇಟ್, ಗೇಣುದ್ದ ನೀರು. ಮೇಲೆ ಒಂದು ಬೊಗಸೆ ಎಸೆದರೆ ಕೆಲವೇ ದಿನಕ್ಕೆ ಎರಡು ಬೊಗಸೆ. ಎಲೆಯ ಪುಟ್ಟ ಗೂಡಿನೊಳಗೆ ವಾಸವಿರುವ ನೀಲಿ ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ, ಆದ್ದರಿಂದ ಯೂರಿಯಾ ಬೇಡ. ಬೀಜಾಣುವಿನ ಮೂಲಕ ಹೊಸ ತಲೆಮಾರು ಹುಟ್ಟುವಾಗಲೂ ಆ ಬಾಡಿಗೆದಾರ ಜತೆಗೇ ಸಾಗುತ್ತಾನೆ.

ಇದರ ದಾಯಾದಿ ಸಾಲ್ವಿನಿಯ ಮೊಲೆಸ್ಟ ಬೀಜಾಣುವಿನಲ್ಲಿ ಪೂರ್ತಿ ಬಂಜೆ. ಮುರಿದ ತುಂಡುಗಳಿಂದಲೇ ಕೇರಳದ ಹಿನ್ನೀರು, ಗದ್ದೆಗಳನ್ನೆಲ್ಲ ಮುಚ್ಚಿತ್ತು. ಅದನ್ನು ತಿನ್ನುವ ಸೊಂಡಿಲ ಹುಳವನ್ನು ಆಸ್ಟ್ರೇಲಿಯದಿಂದ ತರಿಸಿ 1980ರ ದಶಕದಲ್ಲಿ ಬೆಂಗಳೂರಿನ ಕೊಳವೊಂದರಲ್ಲಿ ಬಿಟ್ಟು ನೋಡಿದ ಮೇಲೆಯೇ ಹತೋಟಿಯ ದಾರಿ ಕಂಡದ್ದು. ಒಂದನ್ನು ಬೆಳೆಸಲು ಹೆಣಗುತ್ತೇವೆ, ಇನ್ನೊಂದನ್ನು ಸಾಯಿಸಲು.

ದೊಡ್ಡಬಳ್ಳಾಪುರದ ದಾರಿಯಲ್ಲಿ ಒಂದು ಹಟ್ಟಿ. ಗುಂಡಿಯ ಮೇಲೆ ಹಸಿರು ಚಾಪೆ. ಆ ಮನೆಯಾಕೆ ಜರಡಿಯಲ್ಲಿ ಬಾಚಿ, ಸಗಣಿ ವಾಸನೆ ಹೋಗುವವರೆಗೆ ಎರಡು ನೀರಲ್ಲಿ ತೊಳೆದು, ಬೂಸಾದ ಜತೆ ಕಲಸುತ್ತಿದ್ದರು. ಬರೀ ಇದನ್ನೇ ಇಟ್ಟರೆ ಹಸು ಮೂತಿ ತಿರುಗಿಸುತ್ತದಂತೆ. ಬೀಜ ಎಲ್ಲಿಂದ ತಂದಿರಿ ಎಂದು ಕೇಳಿದೆ.

“ಬೀಜ ಎಲ್ಲೈತೆ ಸಾಮಿ ಇದಕ್ಕೆ? ನಮ್ಮ ಅಕ್ಕನ ಮನೆಯಿಂದ ಒಂದು ಬೊಗಸೆ ತಂದೆ. ಅವರು ಅವರ ಪಕ್ಕದ ಮನೆಯೋರ ಹತ್ರ ಇಸ್ಕೊಂಡಿದ್ರು. ನಿಮಗೆ ಬೇಕಾ? ಕವರ್ ಇದ್ರೆ ಕೊಡಿ. ಹದಿನೈದು ದಿನಕ್ಕೊಂದು ಸಲ ಕಾಲು ಭಾಗ ನೀರು ಬದಲಾಯಿಸಿ, ಅದೊಂದು ಮರೀಬೇಡಿ.”